ಕುವೈತಿನ ಪಾರ್ವತೆಮ್ಮ

ಕುವೈತ್
೪-೫-೧೯೮೧

ಅಕ್ಕಗ, ಮಾವಗ ಹಂಪಯ್ಯನ ಶರಣಾರ್ಥಿ.

ನಾನೂ ನಿನ್ನ ಅಳಿಯ ಮುದುಕಪ್ಪನೂ ಸುಖರೂಪ ಬಂದು ಮುಟ್ಟೀವಿ. ಬಾಂಬೆದಾಗ ವಿಮಾನ ಹತ್ತಿದಾಗ ಅಳಾಕ ಚಾಲೂ ಮಾಡಿದವ ಕುವೈತ್ ಬಂತು ಅಂದ ಮ್ಯಾಲೇ ಬಾಯಿ ಮುಚ್ಚಿದ. ಮುಚ್ಚಿದವನ ನಿದ್ದಿ ಹೋದ. ಇಳಿಯೋವಾಗ ಒಬ್ಬೊಬ್ಬರೂ ನನ್ನ ಮಾರಿ ನೋಡಿ ನೋಡಿ ಇಳದ್ರು. ಎರಡು ವರ್ಷದ ಕೂಸಿಗಿ ಇಷ್ಟು ದೊಡ್ಡ ದನಿ ಎಲ್ಲಿಂದ ಬಂತು ಅಂತ ಒಬ್ಬ ಹೈದರಾಬಾದಿ ಕೇಳಿದ. ಮಾನ್ವ್ಯಾಗ ನಮ್ಮಕ್ಕ ಮಿರ್ಚಿ ಮಾರ್ತಾಳ, ಮೂರು ತಿಂಗಳು ಆಕಿ ಹತ್ರ ಇದ್ದ, ಅಲ್ಲೇ ಕಲ್ತಾನ ಅಂತ ಹೇಳಿದೆ.

ಬಸ್ಸಮ್ಮ ಡ್ಯೂಟಿ ಮುಗಿಸಿ ಆಸ್ಪತ್ರಿ ಬಿಳಿ ಬಟ್ಟಿ ಮ್ಯಾಲೇ ಓಡಿ ಬಂದಿದ್ಲು. ಮಗನ್ನ ಎತ್ತಿ ತೂಗಿ ನೋಡಿ, ‘ನಾ ಇಲ್ಲಿಗಿ ಬಂದು ಮೂರು ತಿಂಗಳದಾಗ ಅಕ್ಕ ಇವಗ ಏನು ತಿನಿಸ್ಯಾಳ? ಗುಂಡುಕಲ್ಲು ಆಗ್ಯಾನ’ ಅಂದ್ಲು. ನಮ್ಮ ಮನಿ ನಾಕನೇ ಅಂತಸ್ತಿನ್ಯಾಗ ಅದ. ಒಂದು ಖೋಲಿ, ಒಂದು ಅಡಗಿ ಮನಿ. ಗ್ವಾಡ್ಯಾಗ ತಣ್ಣನ ಗಾಳಿ ಉಗುಳೋ ಪೆಟಿಗಿ ಒಂದು ಅದ. ಮುದುಕಪ್ಪ ಅದರ ಮುಂದ ನಿಂತು ಅದರ ಸಂಗಾಟ ಜಗಳ ಆಡ್ತಾನ.

ನನ್ನ ಕೆಲಸದ ಚಿಂತಿ ನೀ ಮಾಡಬ್ಯಾಡ. ಬಿ.ಎ. ಓದಿದವ ಅಂದ್ರ ಇಲ್ಲಿ ಕೈ ಹಿಡಿದು ಕುಂದರಿಸ್ತಾರಂತ. ಹದಿನೈದು ದಿನ, ಇಲ್ಲಾಂದ್ರ ಇಪ್ಪತ್ತು. ‘ಹೊಳ್ಳಿ ಬಂದ್ರ ಈ ಟೆಂಪರರಿ ಕುರ್ಚಿನೂ ಇರಂಗಿಲ್ಲ ನೋಡು’ ಅಂತ ದೇವದುರ್ಗದ ನಮ್ಮ ಹೆಡ್ ಮಾಸ್ತರ ಅಂದಿದ್ರಲ್ಲ, ಅವರು ಮಾನ್ವಿಗಿ ಬಂದು ನಿನ್ನ ಅಂಗಡ್ಯಾಗ ಮಿರ್ಚಿ ತಿಂದ್ರ ಹೇಳು, ಇಲ್ಲಿ ಕುರ್ಚಿ ತಿರುಗತಾವ ಅಂತ.

ನಿನ್ನ ತಮ್ಮ,
ಹಂಪಯ್ಯ


ಮಾನ್ವಿ
೨೭-೫-೧೯೮೧

ಇಂದ: ಜಂಬಮ್ಮ ಗಂಡ ದುರುಗಪ್ಪ, ವಯಸ್ಸು ಸುಮಾರು ೩೯, ಕಸುಬು ವಗ್ಗರಣಿ-ಮಿರ್ಚಿ ವ್ಯಾಪಾರ, ತಹಸೀಲ್ ಕಚೇರಿ ಎದುರು, ಮಾನ್ವಿ.
ಇವರಿಗೆ: ಶ್ರೀ ಹಂಪಯ್ಯ, ಮೂಲ ಮಲ್ಲಟ, ಹಾಲಿ ವಸ್ತಿ ಕುವೈತ್.
ವಿಷಯ: ಚಿ. ಮುದುಕಪ್ಪ ತಂದೆ ಹಂಪಯ್ಯ, ವಯಸ್ಸು ೨, ಇವನನ್ನು ಸೋದರತ್ತೆಯ ಸುಪರ್ದಿಗೆ ಒಪ್ಪಿಸುವ ಕುರಿತು.
ಉಲ್ಲೇಖ: ತಮ್ಮ ಪತ್ರ ದಿನಾಂಕ ೪-೫-೧೯೮೧.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಲೇ ಹಂಪ್ಯಾ, ವಿಮಾನ ಬರದಿ, ಗಾಳಿ ಪೆಟಿಗಿ ಬರದಿ, ತಿರುಗೋ ಕುರ್ಚಿ ಬರದಿ. ನೀ ಕೆಲಸ ಹುಡುಕಾಕ ಹೋದಾಗ, ಬಸ್ಸಮ್ಮ ದವಾಖಾನಿಗಿ ಹೋದಾಗ, ಕೂಸಿನ್ನ ಯಾರು ನೋಡ್ತಾರ ಅನ್ನೋದು ಒಂದು ಬರಿಲಿಲ್ಲ. ಗಾಳಿ ಪೆಟಿಗಿ ನೋಡ್ಕೊಂತದೇನು?

ಈ ಶಂಶುದ್ದೀನ್ ಚಾಚಾಗ ನಾ ಬಾಯಿಲೆ ಹೇಳಿದಂಗ ಬರಿಯಪ್ಪಾ ಅಂದ್ರ ತಹಸೀಲ್ದಾರಗ ಅರ್ಜಿ ಬರದಂಗ ಬರಿತಾನ. ನನ್ನ ಅಂಗಡಿ ಮಗ್ಗಲಕ ಕುಂತು ಮೂವತ್ತು ವರ್ಷ ಅರ್ಜಿ ಬರದು ಕೈಗಿ ಅದ ರೂಢಿ ಬಿದ್ದದ. ನನಗ ನಾಕು ಅಕ್ಷರ ಸರಿಯಾಗಿ ಬಂದಿದ್ರ ಇವನ ಕಾಲು ಯಾಕ ಹಿಡಿತಿದ್ದೆ?

ಈಗ ನೋಡು, ನಾ ನೇರ ಹೇಳ್ತೀನಿ. ನಿನಗ ಕೆಲಸ ಸಿಗೋ ತನಕ ಕೂಸಿನ್ನ ನನಗ ಕಳಿಸಿ ಕೊಡು. ಊರಿಗಿ ಬರೋರು ಯಾರಾದ್ರೂ ಇರ್ತಾರ, ಅವರ ಸಂಗಾಟ ಕಳಿಸು. ಮೂರು ತಿಂಗಳು ನನ್ನ ಹೊಟ್ಟಿ ಮ್ಯಾಲೇ ಮಲಗ್ಯಾನ. ಈಗ ನನಗ ಹೊಟ್ಟಿ ಹಗುರ ಆಗಿ ನಿದ್ದಿ ಬರವಲ್ದು. ಕಚೇರಿ ಗುಮಾಸ್ತರೆಲ್ಲ ‘ಎಲ್ಲಿ ನಮ್ಮ ಮುದುಕ’ ಅಂತ ಕೇಳ್ತಾರ. ನಿನಗ ಕೆಲಸ ಸಿಕ್ಕ ಮ್ಯಾಲೆ ಹೊಳ್ಳಿ ಕೊಟ್ಟೇ ಕೊಡ್ತೀನಿ. ನಾನೇನು ಇಟ್ಕೊಂತೀನಿ?

ಇಂತಿ ತಮ್ಮ ವಿಶ್ವಾಸಿ,
ಜಂಬಮ್ಮ (ಎಡಗೈ ಹೆಬ್ಬೆಟ್ಟು)

ಷರಾ: ಅರ್ಜಿದಾರಳು ಕೊನೆಯ ವಾಕ್ಯ ಹೇಳುವಾಗ ಮುಖ ಆ ಕಡೆ ತಿರುಗಿಸಿದಳು. ಇದನ್ನು ಬರೆಯಬೇಡ ಎಂದಿದ್ದಾಳೆ. ಸತ್ಯಕ್ಕೆ ಚ್ಯುತಿ ಬರಬಾರದೆಂದು ಬರೆದಿದ್ದೇನೆ. — ಶಂಶುದ್ದೀನ್, ಅರ್ಜಿ ಬರಹಗಾರ.


ಕುವೈತ್
೧೨-೬-೧೯೮೧

ಅಕ್ಕಾ, ಶರಣು.

ನಿನ್ನ ಅರ್ಜಿ ಮುಟ್ಟಿತು. ಬಸ್ಸಮ್ಮ ಮೊದಲನೇ ನಾಕು ಸಾಲು ಓದಿ ಕೋರ್ಟಿನಿಂದ ಬಂದದ ಅಂತ ಗಾಬರಿ ಆಗಿ ಕುಂತ್ಲು.

ಕೂಸಿನ ಚಿಂತಿ ಬಿಡು. ಒಬ್ಬ ಆಯಾನ್ನ ಇಟ್ಟೀವಿ. ಹೆಸರು ಪಾರ್ವತೆಮ್ಮ. ಕರ್ನೂಲ್ ಕಡಿಯಾಕಿ, ವಯಸ್ಸಾದಾಕಿ, ಭಾಳ ಛಲೋ ಹೆಂಗಸು. ಬಸ್ಸಮ್ಮ ಬೆಳಿಗ್ಗಿ ಆರಕ್ಕ ಮನಿ ಬಿಡ್ತಾಳ, ಎರಡರ ಮ್ಯಾಲ ಬರ್ತಾಳ. ಅಷ್ಟೂ ಹೊತ್ತು ಪಾರ್ವತೆಮ್ಮನ ಎಲ್ಲಾ. ನಿನ್ನಿ ನಾ ಅವನ್ನ ಎಬ್ಬಿಸಿ, ಮಾರಿ ತೊಳದು, ಹಾಲು ಕುಡಿಸಿ, ಅಂದ್ರ ಪಾರ್ವತೆಮ್ಮ ಕುಡಿಸಿ, ಚಡ್ಡಿ ಹಾಕಿದ್ಲು. ಹಾಕಿದ ಕೂಡ್ಲೆ ಅದರಾಗ ಮಾಡಿದ. ತೊಳದು ಇನ್ನೊಂದು ಹಾಕಿದ್ಲು. ಅದರಾಗೂ ಮಾಡಿದ. ಮೂರನೇದು ಹಾಕಬೇಕೋ ಬ್ಯಾಡೋ ಅಂತ ವಿಚಾರ ಮಾಡ್ಕೊಂತ ಕುಂತಾಗ ನೆಲದ ಮ್ಯಾಲೆ ಮಾಡಿದ. ಒಗದು ಒಗದು ಕೈ ಬೆಳ್ಳಗ ಆಗ್ಯಾವ ಅಂತ ಪಾರ್ವತೆಮ್ಮ ಹೇಳಿದ್ಲು.

ನಾ ಮಾತ್ರ ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ಕೆಲಸ ಹುಡುಕಾಕ ಹೋಗ್ತೀನಿ. ಬಿಸಲಿಗಿ ಬ್ಯಾರೆ ಊರಿನವರೆಲ್ಲ ಒದ್ದಾಡ್ತಾರ. ರಾಯಚೂರು ಜಿಲ್ಲಾದಾಗ ಹುಟ್ಟಿದವಗ ಇದೊಂದು ಬಿಸಲೇನು? ಬಿಸಲಿಂದು ತೊಂದ್ರಿ ಇಲ್ಲ, ‘ಬುಕ್ರಾ’ದ್ದು ತೊಂದ್ರಿ. ಬುಕ್ರಾ ಅಂದ್ರ ನಾಳಿ ಬಾ. ಯಾವ ಆಫೀಸಿಗಿ ಹೋದ್ರೂ ಬುಕ್ರಾ. ನಿನ್ನ ಅಂಗಡಿ ಮುಂದಿನ ತಹಸೀಲ್ ಕಚೇರಿನ ಎತ್ತಿ ತಂದು ಇಲ್ಲಿ ಇಟ್ಟಾರೇನೋ ಅನಿಸ್ತದ.

ಚಾಚಾಗ ಒಂದು ವಿನಂತಿ. ನಾ ಮೂರು ಸಲ ಕುಂತು ಇಂಗ್ಲೀಷ್ ಪಾಸು ಮಾಡಿದವ, ನಿನಗ ಗೊತ್ತದ. ದೇವದುರ್ಗದ ಕೆಲಸ ಸಿಕ್ಕಿದ್ದೂ ಚಾಚಾನ ಅರ್ಜಿಯಿಂದ. ನೌಕರಿಗಿ ಒಂದು ಇಂಗ್ಲೀಷ್ ಅರ್ಜಿ ಬರದು ಕಳಿಸಲಿ.

ನಿನ್ನ ತಮ್ಮ,
ಹಂಪಯ್ಯ


ಮಾನ್ವಿ
೨-೭-೧೯೮೧

ವಿಷಯ: ಪಾರ್ವತೆಮ್ಮ ಎಂಬುವವಳ ಬಗ್ಗೆ ವಿವರಣೆ ಕೇಳುವ ಕುರಿತು.
ಲಗತ್ತು: ಇಂಗ್ಲೀಷ್ ಅರ್ಜಿ, ಒಟ್ಟು ಎಂಟು ಪ್ರತಿ.

ಮಾನ್ಯರೇ,

ಸದರಿ ಪಾರ್ವತೆಮ್ಮ ಯಾರು, ಆಕೆಯ ಗಂಡನ ಹೆಸರು ಏನು ಎಂಬುದನ್ನು ತಾವು ನಮೂದಿಸಿರುವುದಿಲ್ಲ. ಒಂದು ಪತ್ರದಾಗ ನಾಕು ಸಲ ಆಕಿ ಹೆಸರು ಬರದಿ. ನನ್ನ ಹೆಸರು ಒಂದು ಸಲನೂ ಇಲ್ಲ. ಎಣಿಸಿದ್ದು ಚಾಚಾ, ನಾ ಅಲ್ಲ.

ಆಕಿಗಿ ಹೇಳು, ಕೂಸಿನ ನೆತ್ತಿಗಿ ಎಣ್ಣಿ ಇಟ್ಟ ಮ್ಯಾಲೇ ನೀರು ಹಾಕಬೇಕು. ಮಲಗಿಸೋವಾಗ ಬೆನ್ನು ತಟ್ಟಬಾರದು, ತೊಡಿ ತಟ್ಟಬೇಕು. ಬೆನ್ನು ತಟ್ಟಿದ್ರ ಆಟ ಅಂತ ತಿಳದು ಎದ್ದು ಕುಂದರ್ತಾನ. ಹಾಲಿನ ಕೆನಿ ಕಂಡ್ರ ಉಗುಳ್ತಾನ, ಸೋಸಿ ಕೊಡಬೇಕು. ಇವೆಲ್ಲಾ ಕರ್ನೂಲಿನಾಕಿಗಿ ಹೆಂಗ ಗೊತ್ತಾಗಬೇಕು? ಮೂರು ತಿಂಗಳು ಅವನ ಸಂಗಾಟ ಇದ್ದಾಕಿ ನಾನು.

ಊಟಕ್ಕಂತೂ ಜೀವ ತಿಂತಾನ. ನನಗ ಕಾಗಿ ತೋರಿಸಿ ತೋರಿಸಿ ಉಣಿಸಬೇಕಾಗಿತ್ತು. ಅಲ್ಲಿ ಕಾಗಿ ಅದಾವೋ ಇಲ್ಲೋ. ಆಕಿ ಹೆಂಗ ಉಣಸ್ತಾಳ ಅಂತ ಬರಿ. ಆಕಿ ಕೈಲೆ ಆಗಲಿಲ್ಲಂದ್ರ ಸುಮ್ಮನ ಕಳಿಸಿ ಬಿಡು, ಇಲ್ಲಿ ಕಾಗಿಗಿ ಏನು ಕಡಿಮಿ ಇಲ್ಲ.

ಜಂಬಮ್ಮ (ಎಡಗೈ ಹೆಬ್ಬೆಟ್ಟು)

ಷರಾ ೧: ಅರ್ಜಿದಾರಳು ಪಾರ್ವತೆಮ್ಮ ಎಂಬ ಹೆಸರು ಬಂದಾಗಲೆಲ್ಲ ಹಿಟ್ಟು ಜೋರಾಗಿ ಕಲಸುತ್ತಿದ್ದಾಳೆ.
ಷರಾ ೨: ಲಗತ್ತಿಸಿದ ನಮೂನೆಯ ಅರ್ಜಿಯನ್ನು ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳಲ್ಲಿ ಯಾವ ಸಾಹೇಬರೂ ಈವರೆಗೆ ತಳ್ಳಿ ಹಾಕಿಲ್ಲ. ಕೊಡುವಾಗ ಕೂಸನ್ನು ಬಗಲಲ್ಲಿ ಇಟ್ಟುಕೊಂಡರೆ ಪರಿಣಾಮ ಹೆಚ್ಚು. — ಶಂ.


ಕುವೈತ್
೩೦-೭-೧೯೮೧

ಅಕ್ಕಾ, ಶರಣು.

ಚಾಚಾನ ಅರ್ಜಿ ವಿಷಯ ಹೇಳಬೇಕು. ಇದನ್ನ ನಿನಗ ಓದಿ ಹೇಳಾಕತ್ತಿರೋದೂ ಚಾಚಾನ, ಗೊತ್ತದ. ಆದ್ರೂ ಹೇಳ್ತೀನಿ. ಚಾಚಾ, ಗಟ್ಟಿಯಾಗಿ ಓದ್ರಿ.

ಅರ್ಜಿ ಓದಿದಾಗ ನನಗೂ ಕಣ್ಣಾಗ ನೀರು ಬಂತು. ‘ನಾನು ಬಡವ, ಭೂಮಿ ಸೀಮೆ ಇಲ್ಲದವ, ಎಳೆ ಕೂಸಿನ ತಂದೆ. ದೇವರು ಮತ್ತು ತಮ್ಮ ಪಾದ ಬಿಟ್ಟರೆ ನನಗೆ ಬೇರೆ ಗತಿ ಇಲ್ಲ. ತಾವು ದಯಮಾಡಿ ಕೈ ಹಿಡಿದರೆ ಈ ಕೂಸು ದಿನಾಲು ತಮ್ಮ ಆಯುಷ್ಯಕ್ಕಾಗಿ ಬೇಡಿಕೊಳ್ಳುವುದು’ ಅಂತ ಇಂಗ್ಲೀಷಿನ್ಯಾಗ ಎರಡು ಹಾಳಿ. ನೌಕರಿ ಅನ್ನೋ ಮಾತು ಎರಡನೇ ಹಾಳಿ ಕಡೀಗಿ ಒಂದು ಸಲ ಬರ್ತದ. ಇಂಥಾ ಇಂಗ್ಲೀಷು ನನಗ ಜನ್ಮದಾಗ ಬರಂಗಿಲ್ಲ ಅಂದ್ಕೊಂಡು ಏಳು ಪ್ರತಿ ಏಳು ಕಂಪನಿಗಿ ಟಪಾಲಿನ್ಯಾಗ ಹಾಕಿದೆ. ಎಂಟನೇದು ಕೈಯಾರೆ ಕೊಡೋಣಂತ ಹೊಂಟೆ. ಅವತ್ತು ಪಾರ್ವತೆಮ್ಮಗ ಮೈಯಾಗ ಆರಾಮಿರಲಿಲ್ಲ. ಅದಕ್ಕ ಮುದುಕನ್ನ ಬಗಲಾಗ ಕುಂದರಿಸ್ಕೊಂಡಿದ್ದೆ.

ರಮಜಾನ್ ತಿಂಗಳು ನಡದದ ಅನ್ನೋದು ನನ್ನ ತಲ್ಯಾಗ ಬರಲಿಲ್ಲ. ಬಿಳಿ ನಿಲುವಂಗಿ ಹಾಕಿದ ದೊಡ್ಡ ಸಾಹೇಬ ನಿಂತಲ್ಲೇ ಅರ್ಜಿ ಓದಿದ. ನನ್ನ ನೋಡಿದ. ಕೂಸಿನ್ನ ನೋಡಿದ. ಮುದುಕ ಅದೇ ಹೊತ್ತಿಗಿ ಮೂಗು ಸುರಿಸ್ಕೊಂಡು ಬಾಯಾಗ ಬಟ್ಟು ಇಟ್ಕೊಂಡು ಸಾಹೇಬನ ಮಾರಿ ನೋಡಿದ. ಸಾಹೇಬನ ಕಣ್ಣು ತುಂಬಿದ್ವು. ಸಿಕ್ತಲೇ ಹಂಪ್ಯಾ ನೌಕರಿ ಅಂದ್ಕೊಂಡೆ. ಒಳಗಿಂದ ಇಬ್ರು ಆಳು ಬಂದು ಒಂದು ಅಕ್ಕಿ ಚೀಲ, ಒಂದು ಎಣ್ಣಿ ಡಬ್ಬಿ, ಒಂದು ಖರ್ಜೂರದ ಪೆಟಿಗಿ ನನ್ನ ಕಾಲ ಮುಂದ ಇಟ್ರು. ಜಕಾತ್, ಅಕ್ಕಾ! ರಮಜಾನದಾಗ ಬಡವರಿಗಿ ಕೊಡೋ ದಾನ! ಬ್ಯಾಡ ಸಾಹೇಬ್ರ, ನಾ ಬಿ.ಎ. ಓದೀನಿ ಅಂದೆ. ಇಷ್ಟು ಓದಿನೂ ಈ ಗತಿನಾ ಅಂತ ಇನ್ನೊಂದು ಖರ್ಜೂರದ ಪೆಟಿಗಿ ತರಿಸಿದ.

ಟಪಾಲಿನ್ಯಾಗ ಹಾಕಿದ ಅರ್ಜಿ ಮ್ಯಾಲೆ ಮನಿ ವಿಳಾಸ ಇತ್ತು. ಒಂದು ವಾರದಾಗ ಇನ್ನೂ ಮೂರು ಚೀಲ ಅಕ್ಕಿ ಮನಿಗೇ ಬಂದಾವ. ಬಸ್ಸಮ್ಮ ನಕ್ಕು ನಕ್ಕು ಅಡಗಿ ಮನ್ಯಾಗ ನೆಲಕ್ಕ ಕುಂತು ಬಿಟ್ಲು. ಕೆಳಗಿನ ಕಾವಲುಗಾರ ಮೊದಲು ನನಗ ಸಲಾಂ ಹೊಡಿತಿದ್ದ. ಈಗ ನನ್ನ ಕಂಡ್ರ ಎರಡೂ ಕೈ ಎತ್ತಿ ದುವಾ ಮಾಡ್ತಾನ.

ಹೆಂಗ ಉಣಸ್ತಾಳ ಅಂತ ಕೇಳಿದ್ದಿ. ಕಾಗಿ ಇಲ್ಲ, ಕಾಗಿ ಬೇಕಾಗೂ ಇಲ್ಲ. ಪಾರ್ವತೆಮ್ಮ ತಾಟಿನ ಅಂಚಿಗಿ ಸಾಲಾಗಿ ತುತ್ತು ಮಾಡಿ ಇಡ್ತಾಳ. ‘ರಾಯಚೂರು ಬಸ್ಸು ಬಿಡ್ತು, ಹತ್ತೋರು ಹತ್ರಿ. ಕಲ್ಲೂರು ಬಂತು, ಬಾಯಿ ತಗಿ. ಸಿರವಾರ ಬಂತು, ಬಾಯಿ ತಗಿ. ಮಲ್ಲಟ ಬಂತು’ ಅನ್ಕೊಂತ ಊರಿಗೊಂದು ತುತ್ತು. ಅರಕೇರಾ ದಾಟಿ ದೇವದುರ್ಗ ಮುಟ್ಟೋದ್ರಾಗ ತಾಟು ಖಾಲಿ. ಕಂಡಕ್ಟರಗ ಸೀಟಿ ಹೊಡಿಯಾಕ ಬರಲಿಲ್ಲಂದ್ರ ಮಾತ್ರ ಮುದುಕ ಬಸ್ಸು ಬಿಡಂಗಿಲ್ಲ.

ನಿನ್ನ ತಮ್ಮ,
ಹಂಪಯ್ಯ


ಮಾನ್ವಿ
೨೫-೮-೧೯೮೧

ವಿಷಯ: ಶ್ರೀಮತಿ ಪಾರ್ವತೆಮ್ಮ ಇವರಿಗೆ ಸೀರೆ ಉಡುಗೊರೆ ನೀಡುವ ಕುರಿತು.

ಮಾನ್ಯರೇ,

ಸದರಿ ಪಾರ್ವತೆಮ್ಮನವರ ಬಗ್ಗೆ ಅರ್ಜಿದಾರಳು ಹಿಂದೆ ವ್ಯಕ್ತಪಡಿಸಿದ ಸಂಶಯವನ್ನು ಈ ಮೂಲಕ ಹಿಂಪಡೆದಿರುತ್ತಾಳೆ. ಎಂಥಾ ಜಾಣಿ ಅದಾಳೋ ತಮ್ಮಾ ಆಕಿ! ಹುಟ್ಟಿದ್ದು ಕರ್ನೂಲಾಗ, ಇರೋದು ಕುವೈತಿನ್ಯಾಗ. ಆದ್ರ ಕಲ್ಲೂರು, ಸಿರವಾರ, ಮಲ್ಲಟ, ಅರಕೇರಾ ಒಂದೂ ಹಿಂದ ಮುಂದ ಆಗದಂಗ ಹೇಳ್ತಾಳಂದ್ರ! ನಮ್ಮ ಬಸ್ಸಿನ ಕಂಡಕ್ಟರಗೂ ಇಷ್ಟು ನೆನಪಿರಂಗಿಲ್ಲ.

ಇಂಥಾಕಿಗಿ ಒಂದು ಸೀರಿ ಕೊಡದಿದ್ರ ನಮಗ ಮರ್ಯಾದಿ ಅಲ್ಲ. ನಮ್ಮ ಓಣಿ ಮುನವ್ವರ್ ಬೀ ಮಗ ಮುಂದಿನ ವಾರ ಕುವೈತಿಗಿ ಹೊಂಟಾನ, ಅವನ ಕೈಯಾಗ ಇಳಕಲ್ ಸೀರಿ ಕಳಿಸ್ತೀನಿ. ಆಕಿ ಎತ್ತರ ಎಷ್ಟದ ಅಂತ ಗೊತ್ತಿಲ್ಲ. ಸುಮಾರು ನಿನ್ನಷ್ಟೇ ಇರಬೇಕಂತ ಅಂದಾಜು ಮಾಡೀನಿ. ಉಟ್ಟು ಒಂದು ಫೋಟೊ ತಗಸಿ ಕಳಿಸಾಕ ಹೇಳು. ಸೆರಗು ತಲಿ ಮ್ಯಾಲೆ ಹೊದ್ದುಕೊಂಡಿರಲಿ. ಆದ್ರ ಮಾರಿ ಕಾಣಬೇಕು.

ನಿನ್ನ ಕೆಲಸ ಇನ್ನೂ ಆಗಿಲ್ಲಂತ ಕಾಣ್ತದ. ಕೂಸಿನ್ನ ಕಳಿಸ್ತೀಯೇನು ಅಂತ ಮತ್ತ ಕೇಳಂಗಿಲ್ಲ. ಪಾರ್ವತೆಮ್ಮನಂಥಾಕಿ ಇದ್ದಾಗ ನಾ ಕೇಳೋದು ಚಂದ ಕಾಣಂಗಿಲ್ಲ. ಕಳಿಸಿದ್ರ ಮಾತ್ರ ಬ್ಯಾಡ ಅನ್ನಂಗಿಲ್ಲ.

ಜಂಬಮ್ಮ (ಎಡಗೈ ಹೆಬ್ಬೆಟ್ಟು)

ಷರಾ ೧: ಅರ್ಜಿದಾರಳು ಈ ಪತ್ರ ಹೇಳುವಾಗ ಎರಡು ಬಾರಿ ನಗು ತಡೆಯಲಾರದೆ ಅಂಗಡಿ ಹಿಂದೆ ಹೋಗಿ ಬಂದಳು. ಕಾರಣ ಕೇಳಿದರೆ ಹೊಗೆ ಎಂದಳು. ಒಲೆ ಹೊತ್ತಿರಲಿಲ್ಲ.
ಷರಾ ೨: ನನ್ನ ಅರ್ಜಿಯ ಮೇಲೆ ಒಟ್ಟು ನಾಲ್ಕು ಚೀಲ ಅಕ್ಕಿ ಮಂಜೂರಾಗಿದೆ. ಇದನ್ನು ಸೋಲು ಎನ್ನಲಾಗದು. — ಶಂ.


ಕುವೈತ್
೩-೧೦-೧೯೮೧

ಅಕ್ಕಾ, ಶರಣು.

ಸೀರಿ ಮುಟ್ಟಿತು. ಪಾರ್ವತೆಮ್ಮಗ ಭಾಳ ಸಂತೋಷ ಆತು. ಆದ್ರ ಫೋಟೊ ತಗಸ್ಕೊಂಡ್ರ ಆಯುಷ್ಯ ಕಡಿಮಿ ಆಗ್ತದಂತ ಆಕಿ ಮನಿ ಕಡೆ ನಂಬಿಕಿ ಅದ. ಅದಕ್ಕ ಒಲ್ಲೆ ಅಂದ್ಲು. ನೀ ಆಕಿನ್ನ ಇಷ್ಟು ಹೊಗಳಿದ್ದು ನೋಡಿ ನನಗ ಸಮಾಧಾನ ಆತು. ಮೊದಲು ನಿನಗ ಆಕಿ ಮ್ಯಾಲೆ ಸಿಟ್ಟದ ಅಂದ್ಕೊಂಡಿದ್ದೆ.

ಈಗ ಮುಖ್ಯ ಸುದ್ದಿ. ನನಗ ಕೆಲಸ ಸಿಕ್ಕದ! ಲೆಬನಾನ್ ದೇಶದ ಒಬ್ಬ ಸಾಹೇಬನ ಮೋಟಾರು ಸಾಮಾನಿನ ಅಂಗಡಿ. ಗೋದಾಮು ನೋಡ್ಕೊಳ್ಳೋ ಕೆಲಸ. ಈ ಸಲ ನಾನ ನಾಕು ಸಾಲು ಬರದು ಕೊಟ್ಟಿದ್ದೆ, ಪಾದದ ಸುದ್ದಿ ತಗಿಲಿಲ್ಲ. ನವೆಂಬರ್ ಏಳು, ಶನಿವಾರ ಹಾಜರಾಗಬೇಕು. ಬೆಳಿಗ್ಗಿ ಎಂಟರಿಂದ ಒಂದು, ಮತ್ತ ಸಂಜಿ ನಾಕರಿಂದ ಎಂಟು.

ಆದ್ರ ಪಾರ್ವತೆಮ್ಮ ಇನ್ನ ಬರಂಗಿಲ್ಲ. ಮಗಳ ಬಾಣಂತನಕ್ಕ ಊರಿಗಿ ಹೊಂಟ್ಲು. ಇನ್ನೊಬ್ಬಾಕಿನ್ನ ಇಡೋಣಂದ್ರ ನನ್ನ ಪಗಾರ ಹಂಗ ಎತ್ತಿ ಆಕಿ ಕೈಯಾಗ ಕೊಡಬೇಕು. ಮಗ್ಗಲ ಮನಿ ನೂರ್ ಬೀ, ನಮ್ಮ ರಾಯಚೂರಿನಾಕಿ, ಒಂದು ದಿನ ಮುದುಕನ್ನ ಇಟ್ಕೊಂಡು ನೋಡಿದ್ಲು. ಮರುದಿನ ಬಾಗಲ ತಗಿಲಿಲ್ಲ. ಐದು ತಿಂಗಳು ಬಸ್ಸಮ್ಮ ಒಬ್ಬಾಕಿನ ದುಡದಾಳ. ಸಿಕ್ಕ ಕೆಲಸ ಬಿಟ್ರ ಮತ್ತ ಯಾವಾಗ ಸಿಗ್ತದೋ. ನನಗೂ ನಾ ಗಂಡಸು ಅನ್ನೋದು ಮರತು ಹೋಗೋ ಹೊತ್ತು ಬಂದದ.

ಅದಕ್ಕ ನಿನ್ನ ಮಾತಿನಂಗ ಕೂಸಿನ್ನ ನಿನ್ನ ಹತ್ರ ಕಳಿಸ್ತೀನಿ. ನೂರ್ ಬೀ ನವೆಂಬರ್ ಆರಕ್ಕ, ಶುಕ್ರವಾರ, ಊರಿಗಿ ಹೊಂಟಾಳ. ಬಾಂಬೆದಿಂದ ರೈಲು ಹಿಡಿದು ಬರ್ತಾಳ. ಮಾವ ರಾಯಚೂರು ಟೇಶನ್ನಿಗಿ ಬಂದ್ರ ಸಾಕು. ಒಂದು ವರ್ಷ ಇರಲಿ, ಆಮ್ಯಾಲ ನೋಡೋಣ.

ಬಸ್ಸಮ್ಮ ಕೂಸಿನ ಅಂಗಿ ಎಲ್ಲಾ ಮಡಚಿ ಚೀಲದಾಗ ಇಟ್ಲು. ಮತ್ತ ಎಲ್ಲಾ ತಗದು ಹೊಸದಾಗಿ ಮಡಚಿದ್ಲು. ಮುದುಕ ಚೀಲದಾಗ ತಾನೂ ಹೋಗಿ ಕುಂತು ‘ಬಸ್ಸು ಬಿಡು’ ಅಂದ. ನಾ ಸೀಟಿ ಹೊಡಿಯಾಕ ಹೋದೆ, ಹೊಡಿಯಾಕ ಆಗಲಿಲ್ಲ.

ಮುದುಕ ಬರ್ತಾನಂದ್ರ ನೀ ಎಷ್ಟು ಕುಣಿತೀದಿ ಅಂತ ನನಗ ಗೊತ್ತದ. ಅದೊಂದ ಸಮಾಧಾನ. ತಡಾ ಮಾಡದ ಉತ್ತರ ಬರಿ.

ನಿನ್ನ ತಮ್ಮ,
ಹಂಪಯ್ಯ


ಮಾನ್ವಿ
೧೯-೧೦-೧೯೮೧

ತಮ್ಮಾ ಹಂಪ್ಯಾ,

ಇದು ನಾನ ಬರದೀನಿ. ಚಾಚಾಗ ಹೇಳಿಲ್ಲ. ಎರಡನೇತ್ತ ತನಕ ಸಾಲಿಗಿ ಹೋಗಿದ್ದೆ. ಅದರ ಮ್ಯಾಲೆ ಬರದೀನಿ. ಮೂರು ದಿನ ಹಿಡೀತು.

ಕೂಸಿನ್ನ ಕಳಿಸಬ್ಯಾಡ.

ಪಾರ್ವತೆಮ್ಮ ಅಂದ್ರ ನೀನ. ಊರಿನ ಹೆಸರು ಹೇಳಿ ಉಣಿಸೋದು ಈ ಭೂಮಿ ಮ್ಯಾಲೆ ಇಬ್ಬರಿಗೇ ಗೊತ್ತು. ಕಲಿಸಿದಾಕಿ ನಾನು, ಉಂಡವ ನೀನು. ಎರಡು ದಿನ ನಕ್ಕೆ. ನೀ ಸೀರಿ ಉಟ್ಟು ನಿಂತಂಗ ಕಣ್ಣ ಮುಂದ ಬಂದು ಎಣ್ಯಾಗ ಬಿಟ್ಟ ಮಿರ್ಚಿ ಕರ್ರಗ ಆದ್ವು. ಆದ್ರ ನಾಚಿಕಿ ಯಾಕೋ ಹುಚ್ಚಾ? ನಿಮ್ಮ ಮಾವ ನನ್ನ ಸಂಗಾಟ ದಿನಾ ಹಿಟ್ಟು ಕಲಸ್ತಾನ. ಅವನ ಮೀಸಿ ಉದುರಿಲ್ಲ. ಹೇಲು ಉಚ್ಚಿ ತೊಳದವನ ಕೈಗೇ ಕೂಸು ಬರ್ತದ. ನಿನ್ನ ಪತ್ರ ಕೇಳಿದಾಗೆಲ್ಲ ನನಗ ಹೆಮ್ಮಿ ಆಗ್ತಿತ್ತು. ನಾ ಸಾಕಿದವ ಹಂಗ ಆಗ್ಯಾನ ಅಂತ.

ನೀ ಕಳಿಸ್ತೀನಿ ಅಂದ ಪತ್ರ ಬಂದ ದಿನ ನಿಮ್ಮ ಮಾವ ಬಡಿಗ್ಯಾನ ಮನಿಗಿ ಓಡಿ ಹೋಗಿ ಸಣ್ಣ ಮಂಚಕ್ಕ ಹೇಳಿ ಬಂದ. ನಾ ಕಚೇರಿ ಮಂದಿಗೆಲ್ಲಾ ಪುಕ್ಕಟೆ ಮಿರ್ಚಿ ಕೊಟ್ಟೆ. ಸಂಜಿಗಿ ಒಂದು ಮಾತು ನೆನಪಾತು. ನಿನಗ ಯಾವತ್ತೂ ಹೇಳಿಲ್ಲ.

ಯವ್ವ ಸತ್ತಾಗ ನಿನಗ ಎರಡು ವರ್ಷ, ನನಗ ಹದಿನಾಕು. ಯಪ್ಪ ಕೂಲಿಗಿ ಹೋಗಬೇಕು, ನಾನೂ ಹೋಗಬೇಕು. ಕೂಸಿನ್ನ ಯಾಪಲದಿನ್ನಿ ಊರಾಗಿನ ಚಿಗವ್ವನ ಹತ್ರ ಬಿಡ್ರಿ ಅಂತ ಮಂದಿ ಅಂದ್ರು. ಬಿಟ್ವಿ. ಎಂಟು ತಿಂಗಳು. ಚಿಗವ್ವ ಛಲೋ ನೋಡ್ಕೊಂಡ್ಲು, ಸುಳ್ಳು ಹೇಳಬಾರದು. ನಾ ಕರಿಯಾಕ ಬಂದಾಗ ನೀ ಆಕಿಗಿ ಯವ್ವಾ ಅಂತಿದ್ದಿ. ನನ್ನ ನೋಡಿ ಬಾಗಲ ಹಿಂದ ಹೋಗಿ ನಿಂತಿ. ಎತ್ಕೊಂಡ್ರ ಒದ್ದಿ, ಕಡದಿ. ರಾಯಚೂರಿಗಿ ಬಂದು ಬಸ್ಸು ಹತ್ತಿದ್ರೂ ಯವ್ವಾ ಯವ್ವಾ ಅಂತ ಅಳಾಕತ್ತಿದ್ದಿ. ಗಂಟಿನ್ಯಾಗ ರೊಟ್ಟಿ ಇತ್ತು. ಊರು ಬಂದಂಗ ಹೆಸರು ಹೇಳಿ ಹೇಳಿ ಒಂದೊಂದು ಚೂರು ಬಾಯಿಗಿ ಇಟ್ಟೆ. ಮಲ್ಲಟದಾಗ ಅಳೋದು ಬಿಟ್ಟಿ. ನನ್ನ ಅಕ್ಕ ಅನ್ನಾಕ ಮತ್ತ ನಾಕು ತಿಂಗಳು ಹಿಡೀತು.

ಮುದುಕ ಇಲ್ಲಿಗಿ ಬಂದ್ರ ಒಂದು ವರ್ಷಕ್ಕ ನನಗ ಯವ್ವಾ ಅಂತಾನ. ನನಗ ಅದು ಬೇಕು ಹಂಪ್ಯಾ. ಭಾಳ ಬೇಕು. ನನ್ನ ಹೊಟ್ಟ್ಯಾಗ ಹುಟ್ಟಿದವರು ಯಾರೂ ಇಲ್ಲ, ನಿನಗ ಗೊತ್ತದ. ಕೆಲಸ ಸಿಕ್ಕ ಮ್ಯಾಲೆ ಹೊಳ್ಳಿ ಕೊಡ್ತೀನಿ ಅಂತ ಮೊದಲ ಪತ್ರದಾಗ ಬರಸಿದ್ದು ಸುಳ್ಳು. ನೀ ಬಂದು ಕೇಳಿದಾಗ ನಾ ಅಡ್ಡ ನಿಲ್ತಿದ್ದೆ. ಅದಕ್ಕ ಹೇಳ್ತೀನಿ, ಕಳಿಸಬ್ಯಾಡ. ಬಸ್ಸಮ್ಮ ಬಾಗಲ ಮುಂದ ನಿಂತು ಕೈ ಚಾಚೋದು, ಆ ಕೂಸು ನನ್ನ ಹಿಂದ ಅಡಗೋದು, ಅದನ್ನ ನಾ ನೋಡಲಾರೆ.

ಆ ಸಾಹೇಬಗ ಹೋಗಿ ಖರೇ ಹೇಳು. ಕೂಸದ, ನೋಡ್ಕೊಳ್ಳೋರು ಯಾರಿಲ್ಲ ಅಂತ. ಅವನಿಗೂ ಮನ್ಯಾಗ ಯಾರಾದ್ರೂ ಇದ್ದಾರು.

ಮಂಚ ಬ್ಯಾಡ ಅಂತ ಬಡಿಗ್ಯಾಗ ಹೇಳೀನಿ. ಕಣ್ಣಾಗ ನೀರು ಯಾಕ ಅಂತ ಚಾಚಾ ಕೇಳಿದ. ಹೊಗಿ ಅಂದೆ.

ಜಂಬಮ್ಮ


ಕುವೈತ್
೮-೧೧-೧೯೮೧

ಅಕ್ಕಾ,

ಈ ಪತ್ರ ಚಾಚಾನ ಕೈಯಾಗ ಕೊಡಬ್ಯಾಡ. ದೊಡ್ಡ ದೊಡ್ಡ ಅಕ್ಷರದಾಗ, ಬಿಡಿಸಿ ಬಿಡಿಸಿ ಬರದೀನಿ. ನೀನ ಕುಂತು ಓದು. ಎಷ್ಟು ದಿನ ಹಿಡದ್ರೂ ಹಿಡೀಲಿ.

ನೂರ್ ಬೀ ಮೊನ್ನಿ ವಿಮಾನ ಹತ್ತಿದ್ಲು. ಒಬ್ಬಾಕಿನ ಹತ್ತಿದ್ಲು. ಕೂಸು ಬರಂಗಿಲ್ಲ ಅಂದಾಗ ಆಕಿ ನಮಾಜಿಗಿ ಕುಂತವರಂಗ ಎರಡೂ ಕೈ ಮಾರಿಗಿ ಒರಸ್ಕೊಂಡು ‘ಶುಕರ್ ಹೈ’ ಅಂತ ದೇವರಿಗಿ ಉಪಕಾರ ಹೇಳಿದ್ಲು. ಬಸ್ಸಮ್ಮ ಚೀಲದಾಗಿನ ಅಂಗಿ ತಗದು ಕಪಾಟಿನ್ಯಾಗ ಇಡಾಕತ್ತಿದ್ಲು. ಮುದುಕ ಒಂದೊಂದ ತಗದು ಮತ್ತ ಚೀಲಕ್ಕ ಹಾಕಾಕತ್ತಿದ್ದ. ಇಬ್ರೂ ಮಧ್ಯಾಹ್ನ ತನಕ ಅದನ್ನ ಮಾಡಿದ್ರು.

ಲೆಬನಾನ್ ಸಾಹೇಬನ ಹತ್ರ ಹೋದೆ. ಮುದುಕನ್ನ ಬಗಲಾಗ ಕರಕೊಂಡೇ ಹೋದೆ. ಪಾರ್ವತೆಮ್ಮ ನಾನ ಅಂತ ಹೇಳಲಿಲ್ಲ, ಉಳಿದಿದ್ದೆಲ್ಲಾ ಹೇಳಿದೆ. ಬೆಳಿಗ್ಗಿ ನನಗ ಬರಾಕ ಆಗಂಗಿಲ್ಲ, ಕೂಸು ನಾನ ನೋಡ್ಕೊಂತೀನಿ ಅಂದೆ. ಸಾಹೇಬ ನನ್ನೂ ಕೂಸಿನ್ನೂ ನೋಡಿ, ನಿನ್ನಂಥ ಹುಚ್ಚನ್ನ ನಾ ನೋಡಿಲ್ಲ, ಸಂಜಿ ನಾಕರಿಂದ ಎಂಟು ಬಾ, ಅರ್ಧ ಪಗಾರ ಅಂದ. ಅರ್ಧ ಅಂದ್ರ ಅರ್ಧ. ನಿನ್ನಿಯಿಂದ ಹೊಂಟೀನಿ. ಇಲ್ಲಿ ಕುರ್ಚಿ ಇಲ್ಲ, ನಿಂತು ಮಾಡೋ ಕೆಲಸ. ಮುಂದಿನ ವರ್ಷ ಬಸ್ಸಮ್ಮಗ ಒಂದು ತಿಂಗಳು ರಜಾ ಸಿಗ್ತದಂತ. ಮೂವರೂ ಬರ್ತೀವಿ, ಮೂವರೂ ಹೊಳ್ಳಿ ಹೋಗ್ತೀವಿ.

ನಿನ್ನ ಪತ್ರ ಬಸ್ಸಮ್ಮಗ ಗಟ್ಟಿಯಾಗಿ ಓದಿ ಹೇಳಾಕತ್ತಿದ್ದೆ. ನಡುವ ನಿಂತೆ. ಉಳಿದಿದ್ದು ಆಕಿನ ಓದಿದ್ಲು.

ಅಕ್ಕಾ, ಯಾಪಲದಿನ್ನಿ ನನಗ ನೆನಪಿಲ್ಲ. ಬಾಗಲ ಹಿಂದ ನಿಂತಿದ್ದು ನೆನಪಿಲ್ಲ. ನಿನ್ನ ಕಡದಿದ್ದೂ ನೆನಪಿಲ್ಲ, ಕಡದಿದ್ರ ತಪ್ಪಾತು. ಚಿಗವ್ವನ ಮಾರಿ ಹೆಂಗಿತ್ತು ಅಂತ ಒಂದು ದಿನ ಕುಂತು ನೆನಸಿದೆ, ಬರಲಿಲ್ಲ. ಯವ್ವನ ಮಾರಿ ನೆನಸಿದೆ. ನಿಂದ ಬಂತು. ಯಾವಾಗ ನೆನಸಿದ್ರೂ ನಿಂದ ಬರ್ತದ. ಸಣ್ಣಾವ ಇದ್ದಾಗಿಂದ ಹಂಗ ಅದ.

ಬಾಯಿಲೆ ಅಕ್ಕ ಅಂದೀನಿ, ಅಷ್ಟ.

ಹಂಪ್ಯಾ